ಅಲ್ಲಿ ಈಗ ಗಂಟೆ ಎಷ್ಟು?

ಮಂಗಳೂರಿನ ನಮಾಝ್ ವೇಳಾಪಟ್ಟಿಯನ್ನು ತಂದು ಕೋಲಾರದ ಮನೆಯ ಗೋಡೆಗೆ ನೇತುಹಾಕಿದರೆ ನಡೆಯುವುದಿಲ್ಲ. ಘಟ್ಟ ಹತ್ತಿ ಬಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ವ್ಯಾಪಾರ, ಮನೆ ಅಂತ ಮಾಡಿಕೊಂಡ ನಮ್ಮವರಿಗೆ ಇದು ಮೊದಲ ರಮಝಾನಿನಲ್ಲೇ ಗೊತ್ತಾಗುವ ಸಂಗತಿ. ಎರಡೂ ಊರಿನ ನಡುವೆ ಮೂರು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ರೇಖಾಂಶದ ಅಂತರವಿದೆ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಕೋಲಾರದಲ್ಲಿ ಸೂರ್ಯ ಸುಮಾರು 13 ನಿಮಿಷ ಮೊದಲೇ ಹುಟ್ಟಿ, ಮೊದಲೇ ಮುಳುಗುತ್ತಾನೆ. ಮಂಗಳೂರಿನ ಪಟ್ಟಿ ನೋಡಿ ಇಫ್ತಾರ್ ಮಾಡಿದರೆ 13 ನಿಮಿಷ ಹೆಚ್ಚು ಹಸಿವು, ಅಷ್ಟೇ. ಆದರೆ ಅದೇ ಪಟ್ಟಿ ನೋಡಿ ಸಹರಿ ಉಂಡರೆ ಅಂದಿನ ನೋಂಬೇ ಹೋಯಿತು. ಇನ್ನು ಅಸರ್ ವಿಷಯ ಬೇರೆ. ಇಲ್ಲಿಯ ಹೆಚ್ಚಿನ ಮಸೀದಿಗಳು ಹನಫಿ ಕ್ರಮದವು, ನಾವು ಶಾಫಿಗಳು. ನಮ್ಮ ಮನೆಯಲ್ಲಿ ಅಸರ್ ಮುಗಿದು ಚಾ ಕುಡಿದು ಆದ ಮೇಲೆ ಪಕ್ಕದ ಮಸೀದಿಯ ಅಸರ್ ಬಾಂಗ್ ಕೇಳುತ್ತದೆ.

1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಸಮಯ ದೇಶಕ್ಕೆಲ್ಲ ಒಂದೇ ಗಡಿಯಾರ ಕೊಟ್ಟಿತು. ಆದರೂ ಬದುಕಿನ ಗಡಿಯಾರ ಬೇರೆಯೇ ನಡೆಯುತ್ತದೆ ಎನ್ನುವುದು ನಮಗೆ ಹೊಸದಲ್ಲ. ಹೊಸದಾಗಿರುವುದು ಅಂತರದ ಪ್ರಮಾಣ. ಈಗ ನಮ್ಮ ಮನೆಗಳ ಲೆಕ್ಕ 13 ನಿಮಿಷದಿಂದ 13 ಗಂಟೆಗೆ ಬಂದು ನಿಂತಿದೆ.

ಗಲ್ಫಿನ ಕಾಲದಲ್ಲಿ ಈ ಕಷ್ಟ ಇರಲಿಲ್ಲ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತರ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಇಲ್ಲಿ ಇಶಾ ಆಗಿ ಉಮ್ಮ ಊಟಕ್ಕೆ ಕೂತಾಗ ಅಲ್ಲಿ ಮಗ ಕೆಲಸ ಬಿಟ್ಟು ರೂಮಿಗೆ ಬರುವ ಹೊತ್ತು. ಎಸ್‌ಟಿಡಿ ಬೂತಿನ ಕಾಲದಲ್ಲೂ, ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದ ಕಾಲದಲ್ಲೂ, ಆ ತಾಯಿಗೆ ಮಗ ಈಗ ಎದ್ದಿದ್ದಾನೋ ಮಲಗಿದ್ದಾನೋ ಎನ್ನುವ ಅನುಮಾನ ಬರುತ್ತಿರಲಿಲ್ಲ. ಎಡವಟ್ಟಾಗುತ್ತಿದ್ದದ್ದು ಪೆರ್ನಾಲಿಗೆ ಮಾತ್ರ. ಗಲ್ಫಿನಲ್ಲಿ ನಿನ್ನೆ, ಕೇರಳದ ಚಂದ್ರದರ್ಶನ ನೋಡಿಕೊಂಡು ಕರಾವಳಿಯಲ್ಲಿ ಇವತ್ತು, ಕೋಲಾರದಲ್ಲಿ ನಾಳೆ ಎಂದು ಒಂದೇ ಕುಟುಂಬ ಮೂರು ದಿನ ಈದ್ ಮುಬಾರಕ್ ಹೇಳಿದ ವರ್ಷಗಳೂ ಇವೆ.

2020ರ ಲಾಕ್‌ಡೌನ್ ಆದ ಮೇಲೆ ಚಿತ್ರ ಬದಲಾಯಿತು. ಬೆಂಗಳೂರಿನ ಕಂಪನಿಯ ಕೆಲಸವನ್ನು ಮಾಲೂರಿನ ಮನೆಯಿಂದ ಮಾಡಬಹುದಾದರೆ ಟೊರಾಂಟೊದಿಂದ ಯಾಕೆ ಮಾಡಬಾರದು ಎಂದು ನಮ್ಮ ಮಕ್ಕಳು ಕೇಳಿದರು. ಓದಲಿಕ್ಕೆ ಹೋದವರು, ಗಂಡನ ಜೊತೆ ಹೋದವರು, ಪಿಆರ್ ಸಿಕ್ಕಿ ಹೋದವರು ಹಳೆಯ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಹೊತ್ತುಕೊಂಡು ಹೋದರು. ಇನ್ನು ಕೆಲವರದು ಇನ್ನೊಂದು ರೀತಿ: ಮನೆ ದುಬೈಯಲ್ಲಿ, ಕೆಲಸ ಅಮೆರಿಕದ ಕಂಪನಿಗೆ. 2021ರಲ್ಲಿ ಯುಎಇ ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗಾಗಿಯೇ ಒಂದು ವರ್ಷದ ವೀಸಾ ತಂದ ಮೇಲೆ ಇದಕ್ಕೆ ಒಂದು ದಾರಿಯೂ ಆಯಿತು.

ಹೀಗೆ ಇರುವ ದೇಶ ಒಂದು, ದುಡಿಯುವ ಗಡಿಯಾರ ಇನ್ನೊಂದು ಎಂದಾದಾಗ ಏನಾಗುತ್ತದೆ ಎಂದು ಒಮ್ಮೆ ಕಾಗದ-ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಆಫೀಸು ಬೆಳಗ್ಗೆ 9:30ರಿಂದ ಸಂಜೆ 6:30 ಎಂದಿಟ್ಟುಕೊಳ್ಳೋಣ. ದುಬೈಯಲ್ಲಿ ಕೂತು ಮಾಡುವವನಿಗೆ ಅದು ಬೆಳಗ್ಗೆ 8ರಿಂದ ಸಂಜೆ 5, ಆರಾಮ. ಲಂಡನಿನಲ್ಲಿ ಚಳಿಗಾಲಕ್ಕೆ ನಸುಕಿನ 4ರಿಂದ ಮಧ್ಯಾಹ್ನ 1, ಕಷ್ಟ ಆದರೂ ಆಗುತ್ತದೆ. ಟೊರಾಂಟೊದಲ್ಲಿ ಚಳಿಗಾಲಕ್ಕೆ ರಾತ್ರಿ 11ರಿಂದ ಬೆಳಗ್ಗೆ 8. ಅಮೆರಿಕದ ಡಲ್ಲಾಸಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 7. ಬೇಸಿಗೆಯಲ್ಲಿ ಇವೆಲ್ಲ ಒಂದೊಂದು ಗಂಟೆ ತಡ. ಅಂದರೆ ಕೆನಡಾ, ಅಮೆರಿಕದಲ್ಲಿ ಇದ್ದು ಭಾರತದ ಸಮಯಕ್ಕೆ ದುಡಿಯುವುದು ಎಂದರೆ ವರ್ಷವಿಡೀ ರಾತ್ರಿ ಪಾಳಿ. ಇದಕ್ಕೆ ನಮ್ಮಲ್ಲಿ ಇರುವ ಹೆಸರು ಮಾತ್ರ ‘ವರ್ಕ್ ಫ್ರಂ ಹೋಂ’. ಆ ಹೆಸರಿನಲ್ಲೇ ಮೋಸ ಇದೆ. ‘ಮನೇಲೇ ಇರ್ತಾನಲ್ವಾ, ಎಂತ ಕಷ್ಟ ಮಾರಾಯ್ರೆ’ ಎಂದು ಹೇಳುವ ಬಾಯಿಗಳು ನಮ್ಮ ಪ್ರತಿ ಮನೆಯಲ್ಲೂ ಒಂದೆರಡು ಸಿಗುತ್ತವೆ.

ರಾತ್ರಿ ಪಾಳಿ ಎಂದರೆ ಏನು ಅಂತ ಕೋಲಾರ ಸೀಮೆಗೆ ಪಾಠ ಹೇಳಬೇಕಾಗಿಲ್ಲ. 1880ರ ದಶಕದಲ್ಲಿ ಲಂಡನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಚಿನ್ನದ ಗಣಿ ನಡೆಸಲು ಶುರು ಮಾಡಿತು. ಯಜಮಾನಿಕೆ ಲಂಡನಿನಲ್ಲಿ, ದುಡಿತ ಕೆಜಿಎಫಿನ ನೆಲದಡಿಯಲ್ಲಿ. ದೂರದ ದೊರೆ ಎನ್ನುವುದು ಈ ಜಿಲ್ಲೆಗೆ ನೂರು ವರ್ಷಕ್ಕೂ ಹಳೆಯದು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಬಂದದ್ದೂ ಮೊದಲು ಆ ಗಣಿಗಳಿಗೇ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕಾರ್ಮಿಕರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವವರಾದರು. ಈಗ ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಮತ್ತೆ ಪಾಳಿ ಕೆಲಸ. ಕಂಪನಿ ಬಸ್ಸುಗಳು ಹೊತ್ತಲ್ಲದ ಹೊತ್ತಲ್ಲಿ ಹುಡುಗ-ಹುಡುಗಿಯರನ್ನು ಇಳಿಸಿ ಹೋಗುವುದನ್ನು ಹೆದ್ದಾರಿ 75ರ ಬದಿಯ ಊರುಗಳೆಲ್ಲ ನೋಡುತ್ತಿವೆ. (ಬಂಟ್ವಾಳದಿಂದ ಹೊರಟು ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ ಹೋಗುವ ಅದೇ ರಸ್ತೆ. ನಮ್ಮನ್ನು ಇಲ್ಲಿಗೆ ತಂದದ್ದೂ ಅದೇ.)

ಗಣಿಯ ಪಾಳಿಗೂ ಫ್ಯಾಕ್ಟರಿಯ ಪಾಳಿಗೂ ಒಂದು ಗುಣ ಇತ್ತು. ಅದು ಕಣ್ಣಿಗೆ ಕಾಣುತ್ತಿತ್ತು. ಹೋದದ್ದು ಗೊತ್ತು, ಬಂದದ್ದು ಗೊತ್ತು. ರಾತ್ರಿ ದುಡಿದು ಬಂದವನು ಬೆಳಗ್ಗೆ ಮಲಗಿದರೆ ‘ಸದ್ದು ಮಾಡಬೇಡಿ’ ಎಂದು ಮನೆಯ ಹೆಂಗಸರು ಮಕ್ಕಳನ್ನು ಹೊರಗೆ ಕಳಿಸುತ್ತಿದ್ದರು. ನೆರೆಯವರೂ ರೇಡಿಯೊ ತಗ್ಗಿಸುತ್ತಿದ್ದರು. ಲ್ಯಾಪ್‌ಟಾಪಿನ ಪಾಳಿಗೆ ಬಸ್ಸೂ ಇಲ್ಲ, ಸಮವಸ್ತ್ರವೂ ಇಲ್ಲ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರೆ ಅದೇ ಆಫೀಸು. ಸಾವಿರಾರು ಮೈಲಿ ಆಚೆಯ ಕೋಣೆಯಲ್ಲಿ ಮಗ ರಾತ್ರಿಯಿಡೀ ದುಡಿದು ಈಗಷ್ಟೇ ಕಣ್ಣು ಮುಚ್ಚಿದ್ದಾನೆ ಎನ್ನುವುದು ಶ್ರೀನಿವಾಸಪುರದಲ್ಲಿ ಕೂತ ಬಾಪನಿಗೆ ತಿಳಿಯುವುದಾದರೂ ಹೇಗೆ, ಯಾರಾದರೂ ಹೇಳದಿದ್ದರೆ?

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುತ್ತಿರುವುದು ಗಂಡನ ಜೊತೆ ಹೋದ ನಮ್ಮ ಹೆಣ್ಣುಮಕ್ಕಳು ಎಂದು ನಮ್ಮ ಅಭಿಪ್ರಾಯ. ಬೆಂಗಳೂರಿನ ಕೆಲಸ ಉಳಿಸಿಕೊಂಡು ಡಲ್ಲಾಸಿಗೆ ಹೋದ ಒಬ್ಬ ಸೊಸೆಯ ದಿನವನ್ನು ಹೀಗೆ ನೋಡಿ. ರಾತ್ರಿ 10ಕ್ಕೆ ಕೆಲಸಕ್ಕೆ ಕೂರುತ್ತಾಳೆ. ಬೆಳಗ್ಗೆ 7ಕ್ಕೆ ಮುಗಿಯುತ್ತದೆ. ಕೂಡಲೇ ಮಗುವಿನ ಟಿಫಿನ್, ಗಂಡನ ತಿಂಡಿ, ಮಗುವನ್ನು ಶಾಲೆಗೆ ಬಿಟ್ಟು ಬರುವುದು. ಗಂಡನಿಗೆ ಹಗಲಿನ ಕೆಲಸ, ಅವನು ಹೊರಟು ಹೋಗುತ್ತಾನೆ. ಅವಳು ದಿಂಬಿಗೆ ತಲೆ ಕೊಡುವಾಗ ಅಲ್ಲಿ ಬೆಳಗ್ಗೆ 9 ದಾಟಿರುತ್ತದೆ. ಮೂರು ಗಂಟೆಗೆ ಮಗು ವಾಪಸ್. ಅಂದರೆ ನಿದ್ದೆಗೆ ಇರುವುದು ಅಷ್ಟೇ ಹೊತ್ತು. ಈಗ ಮುಳಬಾಗಿಲಿನ ಅತ್ತೆ ಇಶಾ ಮುಗಿಸಿ, ಊಟ ಮುಗಿಸಿ, ಎಲ್ಲ ಕೆಲಸ ತೀರಿಸಿಕೊಂಡು ರಾತ್ರಿ 9ಕ್ಕೆ ಪ್ರೀತಿಯಿಂದಲೇ ಫೋನ್ ಮಾಡುತ್ತಾರೆ. ಚಳಿಗಾಲದಲ್ಲಿ ಅದು ಡಲ್ಲಾಸಿನ ಬೆಳಗ್ಗೆ 9:30. ಎತ್ತಿದರೆ ನಿದ್ದೆ ಹೋಯಿತು, ಎತ್ತದಿದ್ದರೆ ‘ಒಂಬತ್ತೂವರೆ ಆದರೂ ಎದ್ದಿಲ್ಲ’ ಎಂಬ ಮಾತು ಮಂಗಳೂರಿನ ನೆಂಟರವರೆಗೂ ತಲುಪುತ್ತದೆ.

ಅತ್ತೆ ಕೆಟ್ಟವರಲ್ಲ. ಅಲ್ಲಿ ಬೆಳಗ್ಗೆ ಒಂಬತ್ತೂವರೆ ಎನ್ನುವುದು ಅವರಿಗೆ ಗೊತ್ತು. ಆ ಒಂಬತ್ತೂವರೆ ಸೊಸೆಗೆ ನಡುರಾತ್ರಿ ಎನ್ನುವುದು ಗೊತ್ತಿಲ್ಲ. ಗಂಡನಿಗೆ ಗೊತ್ತು. ಅವನು ತನ್ನ ಉಮ್ಮನಿಗೆ ಒಂದು ಮಾತು ಹೇಳುವುದಿಲ್ಲ, ಯಾಕೆಂದರೆ ಹೆಂಡತಿ ರಾತ್ರಿಯಿಡೀ ದುಡಿಯುತ್ತಾಳೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಈ ನಾಚಿಕೆ ಬಿಡಬೇಕು. ಅವಳ ಸಂಬಳ ಮನೆಯ ಸಾಲಕ್ಕೆ ಕಟ್ಟುವಾಗ ಇಲ್ಲದ ನಾಚಿಕೆ ಇಲ್ಲಿ ಯಾಕೆ? ಬೆಳಗಿನ ತಿಂಡಿ, ಶಾಲೆಗೆ ಬಿಡುವ ಕೆಲಸ ಅವನೂ ಮಾಡಬಹುದು. ಅದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಒಂದೇ ಊರಲ್ಲಿ ಇಬ್ಬರು ಮಕ್ಕಳಿದ್ದರೂ ಇಬ್ಬರ ನಿದ್ದೆಯ ಹೊತ್ತು ಒಂದೇ ಅಲ್ಲ ಎನ್ನುವುದನ್ನೂ ಗಮನಿಸಿ. ಟೊರಾಂಟೊದಲ್ಲಿ ಅಲ್ಲಿಯದೇ ಕೆಲಸ ಮಾಡುವ ಮಗ ಚಳಿಗಾಲದಲ್ಲಿ ನಿದ್ದೆ ಮಾಡುವುದು ನಮ್ಮ ಬೆಳಗ್ಗೆ 9:30ರಿಂದ ಸಂಜೆ 4:30ರ ಹೊತ್ತು. ಅವನಿಗೆ ಸಂಜೆ 6ಕ್ಕೆ ಫೋನ್ ಮಾಡಬಹುದು. ಅದೇ ಊರಲ್ಲಿ ಬೆಂಗಳೂರಿನ ಸಮಯಕ್ಕೆ ದುಡಿಯುವ ತಮ್ಮ ನಮ್ಮ ಹಗಲಿಡೀ ಎದ್ದಿರುತ್ತಾನೆ. ಮಲಗುವುದು ನಮ್ಮ ಸಂಜೆ 7:30ರ ನಂತರ. ನಮಗೆಲ್ಲ ಪುರುಸೊತ್ತಾಗುವುದೂ ಆಗಲೇ.

ದೇಹದ ವಿಷಯದಲ್ಲಿ ಹೆಚ್ಚು ಎಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯ ದುಡಿತವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎನ್ನುವ ಪಟ್ಟಿಗೆ 2007ರಲ್ಲಿ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಹೆದರಿಸಲಿಕ್ಕೆ ಹೇಳಿದ್ದಲ್ಲ. ಸಕ್ಕರೆ ಕಾಯಿಲೆ ಎಷ್ಟು ಮನೆಯಲ್ಲಿದೆ ಎಂದು ನಮಗೇ ಗೊತ್ತಲ್ಲ; ಹೊತ್ತು ತಪ್ಪಿದ ಊಟ, ಹೊತ್ತು ತಪ್ಪಿದ ನಿದ್ದೆ ಅದಕ್ಕೆ ಒಳ್ಳೆಯದಲ್ಲ ಎಂದು ಯಾವ ಡಾಕ್ಟರೂ ಹೇಳುತ್ತಾರೆ. ರಾತ್ರಿ ಕೆಲಸ ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಎಂದು ಒಂದು ಗಡುವು ಇಟ್ಟುಕೊಂಡು ಹೋಗುವವರನ್ನು ನಾವು ಮೆಚ್ಚುತ್ತೇವೆ. ಗಡುವಿಲ್ಲದೆ ‘ನೋಡುವ, ಆಮೇಲೆ ನೋಡುವ’ ಎನ್ನುವವರ ಬಗ್ಗೆ ನಮಗೆ ಚಿಂತೆ.

ನಮಾಝಿನ ಮಾತು ಬರಲೇಬೇಕು. ಟೊರಾಂಟೊದಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ 4:45ರ ಆಸುಪಾಸು. ಬೆಳಗ್ಗೆ 9ಕ್ಕೆ ಮಲಗಿ 4:30ಕ್ಕೆ ಎದ್ದವನಿಗೆ ಲುಹರ್ ನಿದ್ದೆಯಲ್ಲೇ ಹೋಗಿ, ಅಸರ್‌ಗೆ ಕೆಲವೇ ನಿಮಿಷ ಉಳಿದಿರುತ್ತದೆ. ಬಿಸಿಲು ಎಂಬುದನ್ನೇ ನೋಡದೆ ವಾರ ಕಳೆಯುತ್ತದೆ. ಜೂನ್‌ನಲ್ಲಿ ಇದರ ತಿರುಗುಮುರುಗು: ಮಗ್ರಿಬ್ ರಾತ್ರಿ 9 ಗಂಟೆ ಹೊತ್ತಿಗೆ, ಇಶಾ ಮುಗಿಸುವಷ್ಟರಲ್ಲಿ ಕೆಲಸಕ್ಕೆ ಕೂರುವ ಸಮಯ. ಅಲಾರಂ ಇಟ್ಟು ಎದ್ದು ಮತ್ತೆ ಮಲಗುವವರಿದ್ದಾರೆ. ನಿದ್ದೆಯನ್ನೇ ಎರಡು ತುಂಡು ಮಾಡಿಕೊಂಡವರಿದ್ದಾರೆ. ಯಾವುದು ಸರಿ ಎಂದು ನಿಮ್ಮ ಉಸ್ತಾದರನ್ನು ಕೇಳಿ; ಈ ಪುಟ ಫತ್ವಾ ಕೊಡುವ ಜಾಗವಲ್ಲ.

ಜುಮಾ ವಿಷಯದಲ್ಲಿ ಮಾತ್ರ ನಮಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಯುಎಇಯಲ್ಲಿ 2022ರಿಂದ ಶನಿವಾರ-ಭಾನುವಾರ ರಜೆ, ಶುಕ್ರವಾರ ಸರಕಾರಿ ಕಚೇರಿಗಳಿಗೆ ಅರ್ಧ ದಿನ. ಸೌದಿಯಲ್ಲಿ ಈಗಲೂ ಶುಕ್ರವಾರ-ಶನಿವಾರವೇ ರಜೆ. ಅಲ್ಲಿದ್ದುಕೊಂಡು ಬೆಂಗಳೂರಿಗೆ ದುಡಿಯುವವನಿಗೆ ಊರೆಲ್ಲ ರಜೆ ಇರುವ ದಿನ ಕೆಲಸ, ಮಕ್ಕಳ ಶಾಲೆ ಇರುವ ಭಾನುವಾರ ರಜೆ. ಇರಲಿ. ಆದರೆ ದುಬೈಯಲ್ಲಿ ಜುಮಾದ ಹೊತ್ತು, ಮಧ್ಯಾಹ್ನ 1ರ ಆಸುಪಾಸು, ಭಾರತದಲ್ಲಿ 2:30. ಊಟ ಮುಗಿಸಿ ಬಂದ ಮ್ಯಾನೇಜರುಗಳು ಮೀಟಿಂಗ್ ಇಡುವ ಹೊತ್ತು. ನಮ್ಮ ಹುಡುಗರು ಸುಮ್ಮನೆ ಒಳಗೊಳಗೇ ಕುದಿಯುತ್ತಾರೆ, ಇಲ್ಲ ಜುಮಾ ಬಿಡುತ್ತಾರೆ. ಕೇಳಿ ನೋಡಿ ಎನ್ನುತ್ತೇವೆ. ಕೆಲಸಕ್ಕೆ ಸೇರಿದ ವಾರವೇ ಆಫೀಸಿನ ಕ್ಯಾಲೆಂಡರಿನಲ್ಲಿ ಶುಕ್ರವಾರದ ಆ ಒಂದೂವರೆ ಗಂಟೆ ಮುಚ್ಚಿಟ್ಟು, ಬದಲಿಗೆ ಸಂಜೆ ಕೂರುತ್ತೇನೆ ಎಂದು ಮುಂಚಿತವಾಗಿ ಬರೆದು ಹೇಳಿದರೆ ಒಪ್ಪುವ ಮ್ಯಾನೇಜರುಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಕೇಳದವನಿಗೆ ಯಾರೂ ಕೊಡುವುದಿಲ್ಲ.

ಬರೆದು ಹೇಳುವುದು ಎಂದಾಗ ಇನ್ನೊಂದು. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎದ್ದಿರಬೇಕು ಎನ್ನುವುದು ನೇಮಕದ ಪತ್ರದಲ್ಲೇ ಇರಲಿ. ಎಂಟು ಗಂಟೆಯ ಕೆಲಸದಲ್ಲಿ ಮೂರು ಗಂಟೆ ಎರಡೂ ಕಡೆಯವರು ಒಟ್ಟಿಗೆ, ಉಳಿದದ್ದು ಅವರವರ ಹೊತ್ತಿಗೆ ಎಂದು ಒಪ್ಪುವ ಕಂಪನಿಗಳಿವೆ. ಆ ಮೂರು ಗಂಟೆ ಭಾರತದ ಬೆಳಗ್ಗೆ 7:30ರಿಂದ 10:30 ಎಂದಾದರೆ ಟೊರಾಂಟೊದವನಿಗೆ ಚಳಿಗಾಲದಲ್ಲಿ ರಾತ್ರಿ 9ರಿಂದ 12. ನಡುರಾತ್ರಿಗೆ ಮಲಗಿ ಮನುಷ್ಯರ ಹಾಗೆ ಬೆಳಗ್ಗೆ ಏಳಬಹುದು. ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕೆಲಸದ ಹೊತ್ತಿನ ಆಚೆ ಬರುವ ಕರೆಗೆ ಉತ್ತರಿಸದೆ ಇರುವ ಹಕ್ಕನ್ನು ಕಾನೂನಿಗೆ ತಂದವು. ನಮ್ಮ ಲೋಕಸಭೆಯಲ್ಲಿ ಇದು ಖಾಸಗಿ ಮಸೂದೆಯಾಗಿ ಮಂಡನೆಯಾದದ್ದಷ್ಟೆ. ಸಂಬಳ ಒಂದು ದೇಶದ್ದು, ವಾಸ ಇನ್ನೊಂದು ದೇಶದ್ದು ಎಂದಾದಾಗ ಯಾವ ಕಾನೂನು ನಮ್ಮನ್ನು ಕಾಯುತ್ತದೆ ಎನ್ನುವುದು ವಕೀಲರನ್ನೇ ಕೇಳಬೇಕಾದ ಪ್ರಶ್ನೆ. ಹಾಗೇ ವೀಸಾ: ಗಂಡನ ವೀಸಾದ ಮೇಲೆ ಹೋದವಳಿಗೆ ಅಲ್ಲಿ ಕೂತು ದುಡಿಯುವ ಅನುಮತಿ ಇದೆಯೋ, ತೆರಿಗೆ ಯಾವ ದೇಶಕ್ಕೆ ಕಟ್ಟಬೇಕೋ, ವಿಮಾನ ಹತ್ತುವ ಮೊದಲು ತಿಳಿದುಕೊಳ್ಳಿ. ‘ಎಲ್ಲರೂ ಮಾಡ್ತಾರೆ’ ಎನ್ನುವುದು ಉತ್ತರವಲ್ಲ.

ಮದುವೆ ಮಾತುಕತೆಗೆ ಕೂತಾಗ ನಾವು ಸಂಬಳ ಕೇಳುತ್ತೇವೆ, ವೀಸಾ ಕೇಳುತ್ತೇವೆ, ಸ್ವಂತ ಮನೆಯೋ ಬಾಡಿಗೆಯೋ ಕೇಳುತ್ತೇವೆ. ಹುಡುಗ ಎಷ್ಟು ಗಂಟೆಗೆ ಮಲಗುತ್ತಾನೆ ಎಂದು ಯಾರೂ ಕೇಳುವುದಿಲ್ಲ. ದುಬೈಯಲ್ಲಿ ಇದ್ದು ನ್ಯೂಯಾರ್ಕಿನ ಸಮಯಕ್ಕೆ ದುಡಿಯುವವನ ಕೆಲಸ ಚಳಿಗಾಲದಲ್ಲಿ ಸಂಜೆ 6ರಿಂದ ರಾತ್ರಿ 2. ಮದುವೆಯಾಗಿ ಹೋದ ಹುಡುಗಿ ದಿನದ ಸಂಜೆಯೆಲ್ಲ ಒಬ್ಬಳೇ ಕೂರಬೇಕು. ಇಫ್ತಾರ್ ಹೊತ್ತಿಗೆ ಅವನು ಖರ್ಜೂರ ಬಾಯಿಗಿಟ್ಟುಕೊಂಡೇ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಇದು ಗೊತ್ತಿದ್ದು ಒಪ್ಪಿ ಹೋದವಳಿಗೂ, ಹೋದ ಮೇಲೆ ಗೊತ್ತಾದವಳಿಗೂ ಬಹಳ ವ್ಯತ್ಯಾಸ ಇದೆ. ನಿಕಾಹ್‌ಗೆ ಮೊದಲೇ ಕೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಎರಡೂ ಕಡೆಯ ಹಿರಿಯರು ಕೇಳಲಿ.

ಇನ್ನು ಮಯ್ಯತ್‌ನ ವಿಷಯ. ನಮ್ಮಲ್ಲಿ ದಫನ ತಡ ಮಾಡುವುದಿಲ್ಲ. ರಾತ್ರಿ 8ಕ್ಕೆ ಶ್ರೀನಿವಾಸಪುರದಲ್ಲಿ ತಂದೆ ತೀರಿಕೊಂಡರೆ ಬೆಳಗ್ಗೆ ಎಲ್ಲ ಮುಗಿಯುತ್ತದೆ. ಆ ಹೊತ್ತಿಗೆ ಕೆನಡಾದಿಂದ ಬಂದು ತಲುಪುವುದು ಆಗದ ಮಾತು. ಮುಖ ನೋಡುವ ಒಂದು ವಿಡಿಯೊ ಕರೆಯಾದರೂ ಬೇಕಲ್ಲ. ಆದರೆ ಆಗಷ್ಟೇ ಪಾಳಿ ಮುಗಿಸಿದ ಮಗ ಫೋನನ್ನು ಸದ್ದಡಗಿಸಿ ಮಲಗಿದ್ದಾನೆ. ಏಳುವಾಗ ಇಲ್ಲಿ ರಾತ್ರಿ 2:30. ಅಷ್ಟರಲ್ಲಿ ಕುಟುಂಬದ ಗುಂಪಿನಲ್ಲಿ ನೂರು ‘ಇನ್ನಾಲಿಲ್ಲಾಹಿ’ ಬಂದು ಬಿದ್ದಿರುತ್ತದೆ, ತಂದೆ ಹೋದ ಸುದ್ದಿ ಅವನಿಗೆ ದೂರದ ನೆಂಟರ ಸಂದೇಶದಿಂದ ತಿಳಿಯುತ್ತದೆ. ಈಗಿನ ಫೋನುಗಳಲ್ಲಿ ಸದ್ದಡಗಿಸಿದ್ದರೂ ಆಯ್ದ ಒಂದೆರಡು ನಂಬರುಗಳು ರಿಂಗಾಗುವಂತೆ ಇಡಬಹುದು. ಹಾಗೆ ಒಂದು ನಂಬರು ಇಟ್ಟುಕೊಳ್ಳಿ ಎಂದು ಮಕ್ಕಳಿಗೆ ಹೇಳಿ. ಹೇಳಿದ ಮೇಲೆ ಆ ನಂಬರಿನಿಂದ ಮಾವಿನಹಣ್ಣಿನ ರೇಟು ಹೇಳಲು ಫೋನ್ ಮಾಡಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ನಮಾಝ್ ವೇಳಾಪಟ್ಟಿ ಇರುವ ಗೋಡೆಯಲ್ಲೇ ಇನ್ನೊಂದು ಚೀಟಿ ಅಂಟಿಸಿ. ಅದರಲ್ಲಿ ಮಗನೋ ಮಗಳೋ ಸೊಸೆಯೋ ಮಲಗುವ ಹೊತ್ತನ್ನು ನಮ್ಮ ಸಮಯದಲ್ಲಿ ಬರೆದಿಡಿ. ಅಲ್ಲಿಯ ಸಮಯದಲ್ಲಿ ಬರೆದರೆ ಯಾರೂ ಲೆಕ್ಕ ಹಾಕುವುದಿಲ್ಲ. ಬರೆಯುವ ಕೆಲಸ ಅಲ್ಲಿರುವವರದ್ದು, ಅಂಟಿಸುವುದು ಇಲ್ಲಿರುವವರದ್ದು. ಅವಸರವಿಲ್ಲದ ಮಾತಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಹಿಂದೆ ಕ್ಯಾಸೆಟ್ ಕಳಿಸುತ್ತಿದ್ದವರಿಗೆ ಅದು ಹೊಸದೇನಲ್ಲ.

ಚೀಟಿಯನ್ನು ವರ್ಷಕ್ಕೆ ಎರಡು ಸಲ ಬದಲಾಯಿಸಬೇಕಾಗುತ್ತದೆ. ಗಲ್ಫಿನವರಿಗೆ ಈ ತಾಪತ್ರಯ ಇಲ್ಲ. ಅಮೆರಿಕ, ಕೆನಡಾಗಳ ಹೆಚ್ಚಿನ ಭಾಗದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ, ಮಾರ್ಚ್ ಎರಡನೇ ಭಾನುವಾರ ಮುಂದಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ಮತ್ತು ಮಾರ್ಚ್ ಕೊನೆಯ ಭಾನುವಾರ. ಸಿಡ್ನಿ, ಮೆಲ್ಬರ್ನ್ ಕಡೆ ಉಲ್ಟಾ: ಅಕ್ಟೋಬರ್ ಮೊದಲ ಭಾನುವಾರ ಮುಂದಕ್ಕೆ, ಏಪ್ರಿಲ್ ಮೊದಲ ಭಾನುವಾರ ಹಿಂದಕ್ಕೆ. ಡಲ್ಲಾಸಿನ ಸೊಸೆಗೆ ಮುಳಬಾಗಿಲಿನಿಂದ ಬೆಳಗ್ಗೆ 7ಕ್ಕೆ ಫೋನ್ ಮಾಡುತ್ತಿದ್ದವರು ನವೆಂಬರ್‌ನಿಂದ 8ಕ್ಕೆ ಮಾಡಿ. ಆಗ ಅಲ್ಲಿ ರಾತ್ರಿ 8:30, ಮಗು ಮಲಗಿರುತ್ತದೆ, ಅವಳು ಕೆಲಸಕ್ಕೆ ಕೂರಲು ಇನ್ನೂ ಒಂದೂವರೆ ಗಂಟೆ ಇರುತ್ತದೆ. 7ಕ್ಕೇ ಮಾಡಿದರೆ ಮಗುವಿಗೆ ಊಟ ಮಾಡಿಸುವ ಹೊತ್ತು, ಮಾತು ಅರ್ಧಕ್ಕೇ ನಿಲ್ಲುತ್ತದೆ.